ಹೃದಯಕ್ಕೆ ತೇಪೆ ಹಾಕೋ ಮೊದಲು

ಹೋದ ತಿಂಗಳು ಒಂದು ಭಾನುವಾರ ಬೆಳಗ್ಗೆ ದೊಡ್ಡಮ್ಮನ ಫೋನ್. ಬೇರೆ ದಿನ ಆಗಿದ್ರೆ ಮೊದಲು 'ತಿಂಡಿ ಆಯ್ತಾ' ಅಂತ ಕೇಳೋರು. ಅವತ್ತು ನೇರ ವಿಷಯಕ್ಕೇ ಬಂದರು.

"ಸ್ಟೆಮ್ ಸೆಲ್ ಇಂಜೆಕ್ಷನ್ ಕೊಟ್ರೆ ಹಾಳಾದ ಹಾರ್ಟು ಮತ್ತೆ ಬೆಳೆಯುತ್ತಂತೆ ಕಣೋ. ನಿಜಾನಾ? ನಿಜ ಅಂದ್ರೆ ಹೇಳು, ನನ್ನ ಬಳೆ ಇದೆ, ಆ ಸೈಟೂ ಇದೆ."

ದೊಡ್ಡಪ್ಪನಿಗೆ ಎರಡು ವರ್ಷದ ಹಿಂದೆ ಹಾರ್ಟ್ ಅಟ್ಯಾಕ್ ಆಗಿತ್ತು. ಸ್ಟೆಂಟ್ ಹಾಕಿ ಜೀವ ಉಳಿಸಿದರು. ಆದರೆ ಪಂಪಿಂಗ್ 30 ಪರ್ಸೆಂಟಿಗೆ ಇಳಿದಿದೆ, ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ನಮ್ಮ ಫ್ಯಾಮಿಲಿ ಗ್ರೂಪಿಗೆ ಯಾರೋ ಒಂದು ಕ್ಲಿನಿಕ್ಕಿನ ವಿಡಿಯೋ ಹಾಕಿದ್ದರು. 'ಆಪರೇಷನ್ ಇಲ್ಲ, ಮೂರೇ ಇಂಜೆಕ್ಷನ್, ಕೆಲವೇ ಲಕ್ಷ' ಅಂತ. ನಿಮ್ಮ ಫೋನಿಗೂ ಇಂಥದ್ದು ಬಂದಿರಬಹುದು. ನಾನು ಎರಡು ದಿನ ಟೈಮ್ ಕೇಳಿ ಓದೋಕೆ ಕೂತೆ.

ಮೊದಲು ಸಮಸ್ಯೆ ಏನು ಅಂತ ನೋಡೋಣ. ಒಂದು ದೊಡ್ಡ ಹೃದಯಾಘಾತದಲ್ಲಿ ಸುಮಾರು 100 ಕೋಟಿ ಸ್ನಾಯುಕೋಶಗಳು ಸಾಯಬಹುದು. ಕೈ ಕೊಯ್ದುಕೊಂಡರೆ ಚರ್ಮ ಕೂಡಿಕೊಳ್ಳುತ್ತೆ. ಹೃದಯ ಹಾಗಲ್ಲ. ಸತ್ತ ಜಾಗದಲ್ಲಿ ಗಾಯದ ಕಲೆ ಉಳಿಯುತ್ತೆ, ಅದು ಬಡಿಯೋದಿಲ್ಲ. 2009ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಲೆಕ್ಕ ಹಾಕಿದ ಪ್ರಕಾರ, 25ನೇ ವಯಸ್ಸಿನಲ್ಲಿ ನಮ್ಮ ಹೃದಯದ ಸ್ನಾಯುಕೋಶಗಳಲ್ಲಿ ವರ್ಷಕ್ಕೆ ಶೇ. 1ರಷ್ಟು ಹೊಸದಾಗುತ್ತವೆ. 75ಕ್ಕೆ ಅದು ಅರ್ಧಕ್ಕಿಂತಲೂ ಕಡಿಮೆ. ಜೀಬ್ರಾ ಮೀನು ಹೃದಯದ ಒಂದು ತುಂಡು ಕತ್ತರಿಸಿದರೂ ಮತ್ತೆ ಬೆಳೆಸಿಕೊಳ್ಳುತ್ತೆ. ನಮಗೆ ಆ ಭಾಗ್ಯ ಇಲ್ಲ.

ಹಾಗಾಗಿ 2001ರಲ್ಲಿ ಅಮೆರಿಕದ ಪಿಯೆರೊ ಅನ್ವೆರ್ಸಾ ತಂಡ, ಮೂಳೆಮಜ್ಜೆಯ ಕೋಶಗಳಿಂದ ಇಲಿಯ ಹೃದಯಸ್ನಾಯು ಮತ್ತೆ ಬೆಳೆಯಿತು ಅಂದಾಗ ಜಗತ್ತೇ ಕುಣಿದಾಡಿತು. ಹಲವು ದೇಶಗಳಲ್ಲಿ ರೋಗಿಗಳ ಮೇಲೂ ಪ್ರಯೋಗಗಳಾದವು. ಆದರೆ 2004ರಲ್ಲೇ ಬೇರೆ ಎರಡು ತಂಡಗಳು ಅದನ್ನೇ ಮಾಡಿ ನೋಡಿ, ಆ ಕೋಶಗಳು ಹೃದಯಸ್ನಾಯು ಆಗ್ತಾನೇ ಇಲ್ಲ ಅಂದಿದ್ದವು. ಕೊನೆಗೆ 2018ರಲ್ಲಿ ಹಾರ್ವರ್ಡ್ ಮತ್ತು ಅನ್ವೆರ್ಸಾ ಕೆಲಸ ಮಾಡಿದ್ದ ಬ್ರಿಗಮ್ ಆಸ್ಪತ್ರೆ, ಅವರ ಲ್ಯಾಬಿನ 31 ಪ್ರಬಂಧಗಳಲ್ಲಿ ತಿದ್ದಿದ ಅಥವಾ ಸೃಷ್ಟಿಸಿದ ಮಾಹಿತಿ ಇದೆ, ಹಿಂದಕ್ಕೆ ಪಡೆಯಿರಿ ಅಂತ ಪತ್ರಿಕೆಗಳಿಗೆ ಹೇಳಿದವು. ಅಷ್ಟು ವರ್ಷ ಎಷ್ಟು ಮನೆಗಳು ಆ ಆಸೆ ಹಿಡಿದುಕೊಂಡು ಕೂತಿದ್ದವೋ!

ಹಾಗಾದರೆ ಎಲ್ಲಾ ಸುಳ್ಳಾ? ಇಲ್ಲ. ಬೇರೆ ದಾರಿಯಲ್ಲಿ ನಿಜವಾದ ಕೆಲಸ ನಡೀತಿದೆ. 2006ರಲ್ಲಿ ಜಪಾನಿನ ಶಿನ್ಯಾ ಯಮನಾಕ ಇಲಿಯ ಚರ್ಮದ ಕೋಶವನ್ನು ಹಿಂದಕ್ಕೆ ತಿರುಗಿಸಿ ಸ್ಟೆಮ್ ಸೆಲ್ ಥರ ಮಾಡಿದರು, ಮರುವರ್ಷ ಮನುಷ್ಯರ ಕೋಶದಲ್ಲೂ ಅದು ಸಾಧ್ಯವಾಯಿತು. 2012ರಲ್ಲಿ ಅವರಿಗೆ ನೊಬೆಲ್ ಬಂತು. ಇಂಥ ಕೋಶಗಳಿಂದ ಲ್ಯಾಬಿನಲ್ಲಿ ನಿಜಕ್ಕೂ ಬಡಿಯುವ ಹೃದಯಸ್ನಾಯು ಬೆಳೆಸಬಹುದು. 2025ರ ಜನವರಿಯಲ್ಲಿ ಜರ್ಮನಿಯ ಗಾಟಿಂಗೆನ್ ತಂಡ ಒಂದು ವರದಿ ಪ್ರಕಟಿಸಿತು: 46 ವರ್ಷದ ಮಹಿಳೆಯೊಬ್ಬರ ಹೃದಯಕ್ಕೆ ಇಂಥ 10 ತೇಪೆ, ಸುಮಾರು 40 ಕೋಟಿ ಕೋಶಗಳನ್ನು ಹೊಲಿದರು. ಮೂರು ತಿಂಗಳ ನಂತರ ಅವರಿಗೆ ಹೃದಯ ಕಸಿ ಆಯಿತು. ಹೊರತೆಗೆದ ಹಳೇ ಹೃದಯ ನೋಡಿದರೆ ತೇಪೆ ಬದುಕಿತ್ತು, ರಕ್ತನಾಳಗಳೂ ಬೆಳೆದಿದ್ದವು.

ಒಳ್ಳೇ ಸುದ್ದಿಯೇ. ಆದರೆ ಇದು ಇನ್ನೂ ಪ್ರಯೋಗ. ಬೇರೆಯವರ ಕೋಶ ಆದ್ದರಿಂದ ರೋಗನಿರೋಧಕ ಶಕ್ತಿ ತಗ್ಗಿಸೋ ಔಷಧಿ ಬೇಕು. ಹೊಸ ಕೋಶಗಳು ತಮ್ಮದೇ ತಾಳದಲ್ಲಿ ಬಡಿದರೆ ಹೃದಯದ ಲಯ ತಪ್ಪಬಹುದು. ಗೆಡ್ಡೆಯ ಭಯವೂ ಇದೆ. ಮೂರು ಇಂಜೆಕ್ಷನ್ನಿನಲ್ಲಿ ಮುಗಿಯೋ ಕಥೆ ಅಲ್ಲ ಇದು.

ನಮ್ಮ ದೇಶದ ನಿಯಮವೂ ಸ್ಪಷ್ಟವಾಗಿದೆ. ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ರಕ್ತದ ಕೆಲವು ಕಾಯಿಲೆಗಳಂಥ ಒಪ್ಪಿತ ಚಿಕಿತ್ಸೆ ಬಿಟ್ಟು ಬೇರೆಲ್ಲ ಸ್ಟೆಮ್ ಸೆಲ್ ಬಳಕೆ ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ ನಡೀಬೇಕು. ಒಪ್ಪಿತ ಪಟ್ಟಿಯಲ್ಲಿ ಹೃದಯ ಇಲ್ಲ. ಹಾಗಾಗಿ ಯಾರಾದರೂ ಇಂಥದ್ದು ಹೇಳಿದರೆ ಎರಡೇ ಪ್ರಶ್ನೆ ಕೇಳಿ: ಇದರ ಸಿಟಿಆರ್‌ಐ ನೋಂದಣಿ ಸಂಖ್ಯೆ ಎಷ್ಟು? ಪ್ರಯೋಗ ಅಂದಮೇಲೆ ನನ್ನ ಹತ್ತಿರ ಲಕ್ಷಗಟ್ಟಲೆ ದುಡ್ಡು ಯಾಕೆ? ಮೊದಲನೇ ಉತ್ತರ ನೀವೇ ಆನ್‌ಲೈನಿನಲ್ಲಿ ಪರೀಕ್ಷಿಸಬಹುದು.

ನಾನು ಆ ಕ್ಲಿನಿಕ್ಕಿಗೆ ಫೋನ್ ಮಾಡಿ ಈ ಎರಡನ್ನೂ ಕೇಳಿದೆ. "ಒಮ್ಮೆ ಬನ್ನಿ ಸರ್, ಕೂತು ಮಾತಾಡೋಣ" ಅಂದರು. ಸಂಖ್ಯೆ ಮಾತ್ರ ಕೊಡಲಿಲ್ಲ.

ದೊಡ್ಡಮ್ಮನಿಗೆ ಹೇಳೋದು ಸುಲಭ ಇರಲಿಲ್ಲ. ಎಲ್ಲಾ ಕೇಳಿಸಿಕೊಂಡು ಸುಮ್ಮನಾದರು. ಆಮೇಲೆ, "ಅಂದ್ರೆ ಇವರ ಕಾಲಕ್ಕೆ ಬರಲ್ಲ ಅನ್ನು" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. "ಬಳೆ ಹಾಕ್ಕೊಂಡೇ ಇರಿ ದೊಡ್ಡಮ್ಮಾ. ಮಾತ್ರೆ ಒಂದು ದಿನಾನೂ ತಪ್ಪಿಸಬೇಡಿ" ಅಂದೆ.

ಮುಂದಿನ ವಾರ ನಾನೇ ದೊಡ್ಡಪ್ಪನನ್ನು ಅವರ ಹಳೇ ಹೃದಯದ ಡಾಕ್ಟರ ಹತ್ತಿರ ಕರ್ಕೊಂಡು ಹೋದೆ. ಒಂದು ಮಾತ್ರೆ ಬದಲಾಯಿಸಿದರು, ಉಪ್ಪು ಕಡಿಮೆ ಮಾಡಿ ಅಂದರು, ದಿನಾ ನಿಧಾನಕ್ಕೆ ನಡೀರಿ ಅಂದರು. ವಿಡಿಯೋ ಮಾಡೋವಂಥ ವಿಷಯ ಏನಲ್ಲ. ಆದರೆ ಈಗ ದೊಡ್ಡಪ್ಪ ಸಂಜೆ ಹಾಲಿನ ಬೂತ್ ತನಕ ಹೋಗಿ ಬರ್ತಾರೆ. ಮಧ್ಯೆ ಒಂದು ಸಲ ಕೂತುಕೊಳ್ತಾರೆ, ಅಷ್ಟೇ.