ಉಪ್ಪು ತಿಂದವರು ಯಾರು, ನೀರು ಕುಡಿಯುವವರು ಯಾರು?

ಅಮೆರಿಕದ ಮಿನಿಯಾಪೊಲಿಸ್ ಬಳಿಯ ಉಪನಗರವೊಂದರಲ್ಲಿ ಮಗಳ ಮನೆಯಿದೆ. ಅಲ್ಲಿ ತಂಗಿದ್ದಾಗ, ಜನವರಿಯ ಒಂದು ಬೆಳಿಗ್ಗೆ ನೆಲಮಾಳಿಗೆಗೆ ಇಳಿದರೆ ಪಾದ ಮುಳುಗುವಷ್ಟು ನೀರು ನಿಂತಿತ್ತು. ಹೊರಗೆ ಶೂನ್ಯಕ್ಕಿಂತ 25 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿ. ಮನೆಯ ಹಿಂದಿನ ಒಡೆಯರು ವಾಟರ್ ಸಾಫ್ಟನರ್‌ನ ತ್ಯಾಜ್ಯನೀರಿನ ಕೊಳವೆಯನ್ನು ಗೋಡೆಯಾಚೆ ಹಿತ್ತಲಿಗೆ ಬಿಟ್ಟಿದ್ದರು. ಅದರ ಬಾಯಿ ಹೆಪ್ಪುಗಟ್ಟಿ, ರಾತ್ರಿ ಎರಡು ಗಂಟೆಗೆ ಯಂತ್ರ ಹೊರಚೆಲ್ಲಿದ ನೀರೆಲ್ಲ ಒಳಗೇ ತಿರುಗಿತ್ತು.

ಆ ಉಪನಗರಕ್ಕೆ ಅಂತರ್ಜಲವೇ ಆಧಾರ, ನೀರು ಗಡಸು. ಸಾಫ್ಟನರ್‌ನೊಳಗಿನ ರೆಸಿನ್ ಮಣಿಗಳು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದಿಟ್ಟು ಸೋಡಿಯಂ ಬಿಟ್ಟುಕೊಡುತ್ತವೆ. ಮಣಿಗಳ ಶಕ್ತಿ ಕುಂದಿದಾಗ ಅವನ್ನು ಉಪ್ಪುನೀರಿನಿಂದ ತೊಳೆಯಬೇಕು. ಉಪ್ಪುನೀರು ಬೇಗ ಹೆಪ್ಪುಗಟ್ಟದು ಎಂಬ ಧೈರ್ಯ ಹಲವರಿಗಿದೆ. ಆದರೆ ಕೊನೆಯ ಸುತ್ತಿನಲ್ಲಿ ಹೊರಬರುವುದು ಬಹುಪಾಲು ಸಿಹಿನೀರೇ. ಕೊಳವೆಯನ್ನು ಮುಚ್ಚುವುದು ಅದು. ದುರಸ್ತಿಗೆ ಬಂದವರು ಕೊಳವೆಯನ್ನು ಮನೆಯೊಳಗೇ ಬಟ್ಟೆ ಒಗೆಯುವ ಯಂತ್ರದ ಚರಂಡಿಗೆ ತಂದು, ಕೊಳಚೆ ಹಿಮ್ಮುಖವಾಗಿ ಹರಿಯದಂತೆ ನಡುವೆ ಗಾಳಿಯ ಅಂತರ ಬಿಟ್ಟರು. ಮನೆಯ ಮಟ್ಟಿಗೆ ಸಮಸ್ಯೆ ಮುಗಿಯಿತು.

ಆದರೆ ಉಪ್ಪಿನ ಕತೆ ಅಲ್ಲಿಗೆ ಮುಗಿಯುವುದಿಲ್ಲ. ಸಾಮಾನ್ಯ ಕೊಳಚೆ ಶುದ್ಧೀಕರಣ ಘಟಕಗಳು ಕ್ಲೋರೈಡನ್ನು ತೆಗೆಯಲಾರವು. ಅದು ನೇರವಾಗಿ ನದಿ ಸೇರುತ್ತದೆ. ಒಂದು ಟೀ ಚಮಚ ಉಪ್ಪು ಐದು ಗ್ಯಾಲನ್, ಅಂದರೆ ಸುಮಾರು 19 ಲೀಟರ್ ನೀರನ್ನು ಕೆಡಿಸಬಲ್ಲದೆಂದು ಮಿನ್ನೆಸೋಟದ ಮಾಲಿನ್ಯ ನಿಯಂತ್ರಣ ಸಂಸ್ಥೆ ಎಚ್ಚರಿಸುತ್ತದೆ. ಜಲಚರಗಳ ರಕ್ಷಣೆಗೆ ಅಲ್ಲಿ ನಿಗದಿಯಾಗಿರುವ ಮಿತಿ ಲೀಟರ್‌ಗೆ 230 ಮಿಲಿಗ್ರಾಂ ಕ್ಲೋರೈಡ್. ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪಿನ ಪಾಲೂ ದೊಡ್ಡದೇ, ನಿಜ. ಆದರೆ ಅದು ಚಳಿಗಾಲದ ಮಾತು, ಸಾಫ್ಟನರ್‌ಗೆ ಋತುಭೇದವಿಲ್ಲ.

ಹಾಗೆಂದು ಗಡಸು ನೀರನ್ನೇ ಬಳಸಿ ಎಂದು ನಾನು ಹೇಳಲಾರೆ. ಬಿಸಿನೀರಿನ ಯಂತ್ರಗಳಲ್ಲಿ ಹಿಟ್ಟುಗಟ್ಟುವುದನ್ನು ಕಂಡವನೇ ನಾನು. ಹಿತಮಿತವಾದ ದಾರಿಗಳಿವೆ. ದಿನ ಲೆಕ್ಕ ಹಾಕಿ ತೊಳೆಯುವ ಯಂತ್ರದ ಬದಲು, ಬಳಸಿದ ನೀರನ್ನು ಅಳೆದು ತೊಳೆಯುವ ಯಂತ್ರವನ್ನು ಕೊಳ್ಳಬಹುದು. ನೀರಿನ ಗಡಸುತನವನ್ನು ಪರೀಕ್ಷಿಸಿ ಯಂತ್ರವನ್ನು ಹೊಂದಿಸಬಹುದು. ತೋಟದ ನಲ್ಲಿಯನ್ನು ಹೊರಗಿಡಬಹುದು. ಮಿನಿಯಾಪೊಲಿಸ್ ನಗರವು ತನ್ನ ನೀರನ್ನು ಶುದ್ಧೀಕರಣ ಘಟಕದಲ್ಲಿಯೇ ಸುಣ್ಣ ಬಳಸಿ ಮೆದುಗೊಳಿಸುತ್ತದೆ. ಒಬ್ಬೊಬ್ಬರೂ ಮನೆಯಲ್ಲಿ ಉಪ್ಪು ಸುರಿಯುವುದಕ್ಕಿಂತ ಊರಿಗೊಂದು ವ್ಯವಸ್ಥೆ ಮೇಲು. ಕ್ಯಾಲಿಫೋರ್ನಿಯದ ಸಾಂತಾ ಕ್ಲಾರಿಟಾ ಕಣಿವೆಯ ಮತದಾರರು 2008ರಲ್ಲಿ ಉಪ್ಪು ಬಳಸುವ ಸಾಫ್ಟನರ್‌ಗಳನ್ನೇ ನಿಷೇಧಿಸಲು ಒಪ್ಪಿದರು.

ಬೆಂಗಳೂರಿಗೆ ಮರಳಿದ ಮೇಲೆ ನಮ್ಮ ಅಪಾರ್ಟ್‌ಮೆಂಟಿನ ಸಾಫ್ಟನರ್ ಕೋಣೆಗೆ ಹೋದೆ. ಕೊಳವೆಬಾವಿಯ ಗಡಸು ನೀರು, ಗೋಡೆಗೊರಗಿದ ಉಪ್ಪಿನ ಮೂಟೆಗಳು. ಇಲ್ಲಿ ಹೆಪ್ಪುಗಟ್ಟುವ ಭಯವಿಲ್ಲ. ಹಾಗಾಗಿ ಆ ನೀರು ಎಲ್ಲಿಗೆ ಹೋಗುತ್ತದೆಂದು ಯಾರೂ ಕೇಳಿರಲಿಲ್ಲ. ಅದು ನಮ್ಮದೇ ಶುದ್ಧೀಕರಣ ಘಟಕಕ್ಕೆ ಹೋಗಿ, ಉಪ್ಪಿನ ಸಮೇತ ನಮ್ಮದೇ ಗಿಡಗಳ ಬುಡಕ್ಕೆ ಬರುತ್ತಿದೆ.

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬುದು ನಮ್ಮ ಗಾದೆ. ಇಲ್ಲಿ ಉಪ್ಪು ಬಳಸುವವರು ನಾವು; ಆ ನೀರು ಕುಡಿಯುತ್ತಿರುವುದು ಮಾತ್ರ ಅಲ್ಲಿನ ಮೀನು, ಇಲ್ಲಿನ ಗಿಡ. ಮುಂದಿನ ಸಂಘದ ಸಭೆಯಲ್ಲಿ ಈ ಲೆಕ್ಕವನ್ನು ಕೇಳಬೇಕೆಂದಿದ್ದೇನೆ. ನೀವೂ ಕೇಳಿ.