ಮಾಧ್ಯಮ ಸಾಕ್ಷರತೆ ಮತ್ತು ಊರಿನ ಹೊಣೆ

ಮಾಧ್ಯಮ ಸಾಕ್ಷರತೆ ಎಂದರೆ ಕೈಗೆ ಬಂದ ಸುದ್ದಿಯನ್ನು ಯಾರು ಕಂಡದ್ದು, ಯಾರು ಹೇಳಿದ್ದು, ಯಾಕೆ ಹೇಳಿದ್ದು ಎಂದು ವಿಚಾರಿಸುವ ರೂಢಿ. ಹಳ್ಳಿಗಳಲ್ಲಿ ಇದು ಬೇರೂರದಿರುವುದಕ್ಕೆ ಜನರ ತಿಳಿಗೇಡಿತನವೇ ಕಾರಣ ಎಂಬ ಮಾತು ಈಗ ಚಾಲ್ತಿಯಲ್ಲಿದೆ. ಆ ಮಾತು ತಪ್ಪು. ವಿಚಾರಿಸಲು ಊರಲ್ಲೊಂದು ನೆಚ್ಚಬಹುದಾದ ಜಾಗವಿಲ್ಲದಿರುವುದೇ ದೊಡ್ಡ ತೊಡಕು.

ಒಂದು ಉದಾಹರಣೆ ನೋಡಿ. 2024ರ ಜುಲೈ 16ರಂದು ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ಕೇರಳದ ಲಾರಿಯೊಂದು ಮಣ್ಣಿನಡಿಯೇ ಇದೆ, ಅದರ ಇಂಜಿನ್ ಚಾಲೂ ಇದೆ ಎಂಬ ಮಾತು ಎರಡೂ ರಾಜ್ಯಗಳಲ್ಲಿ ಹಬ್ಬಿತು. ಸೆಪ್ಟೆಂಬರ್ 25ರಂದು ಲಾರಿ ಸಿಕ್ಕಿದ್ದು ಗಂಗಾವಳಿ ನದಿಯಲ್ಲಿ. ಆ ಮಾತನ್ನು ಹಬ್ಬಿಸಿದವರಲ್ಲಿ ಬಹುಮಂದಿಗೆ ಇದ್ದದ್ದು ಜೀವ ಉಳಿದೀತೆಂಬ ಆಸೆ. ನಿಜ, ಸುಳ್ಳು ಎಂದು ಎರಡೇ ಪಾಲು ಮಾಡಿ ಕಲಿಸುವ ಪಾಠ ಇಂಥಲ್ಲಿ ಸೋಲುತ್ತದೆ. 'ಇನ್ನೂ ಗೊತ್ತಾಗಿಲ್ಲ' ಎಂಬ ಮೂರನೆಯ ಉತ್ತರವನ್ನು ತಾಳಿಕೊಳ್ಳುವುದನ್ನೂ ಕಲಿಸಬೇಕು.

ಅದೇ ತಾಲೂಕಿನ ಬೊಬ್ರುವಾಡದಂಥ ಊರಿನಲ್ಲಿ ಇದನ್ನು ಕಲಿಸುವುದು ಸುಲಭವಲ್ಲ. ಪಾಠದ ಸಾಮಗ್ರಿ ಪುಸ್ತಕದ ಕನ್ನಡದಲ್ಲಿದ್ದರೆ, ವದಂತಿ ಬರುವುದು ಕೊಂಕಣಿಯಲ್ಲಿ, ಆಡುಗನ್ನಡದಲ್ಲಿ, ದನಿಯಾಗಿ, ವಿಡಿಯೋ ಆಗಿ. ಕಳಿಸಿದವರು ಭಾವನೋ ಸೋದರಮಾವನೋ ಆಗಿದ್ದರೆ ವಾಟ್ಸಾಪ್ ಗುಂಪಿನಲ್ಲಿ ಎದುರಾಡುವುದು ಮರ್ಯಾದೆಗೇಡು. ಹೊತ್ತು ಹೊಂದಿಸುವುದೂ ಕಷ್ಟ: ಜೂನ್-ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮೀನುಗಾರರಿಗೆ ಬಿಡುವು, ಗದ್ದೆ ಮಾಡುವವರಿಗೆ ಅದೇ ನೆಟ್ಟಿಯ ಕಾಲ.

ಹೊಣೆಯನ್ನು ಸಂದೇಶ ಸೇವೆ ನಡೆಸುವ ಕಂಪನಿಗಳೇ ಹೊರಬೇಕೆಂಬ ವಾದದಲ್ಲಿ ನ್ಯಾಯವಿದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ವಾಟ್ಸಾಪ್‌ನಲ್ಲಿ ಹಬ್ಬಿದ ಮಕ್ಕಳ ಕಳ್ಳರೆಂಬ ವದಂತಿ ಒಬ್ಬ ಅಮಾಯಕನ ಪ್ರಾಣ ತೆಗೆಯಿತು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ದಾಟಿಸುವ ಮಿತಿ ಹೇರಲು ಹೊರಟಿತು. ಮಿತಿಯಿಂದ ವದಂತಿಯ ಓಟ ನಿಧಾನವಾದೀತು; ನಂಬುವ ಮನಸ್ಸು ಬದಲಾಗದು. ಹಾಗೆಂದು ಮೊಬೈಲನ್ನೇ ಕಿತ್ತುಕೊಳ್ಳುವುದೂ ಪರಿಹಾರವಲ್ಲ; ಹಾಗೆನ್ನುವವರು ಅಕ್ಷರವನ್ನೂ ಕಿತ್ತುಕೊಳ್ಳಲು ಹೇಸರು.

ಅಂಕೋಲೆಗೆ ಬೇರೆ ದಾರಿಯೂ ಗೊತ್ತಿದೆ. ಕವಿ ದಿನಕರ ದೇಸಾಯಿ ಇಲ್ಲಿ 'ಜನಸೇವಕ' ವಾರಪತ್ರಿಕೆ ನಡೆಸಿದರು. 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಶಾಲೆಗಳನ್ನೂ ತೆರೆದರು. ಓದು ಕಲಿಸಿದವರೇ ನಂಬಬಹುದಾದ ಸುದ್ದಿಯನ್ನೂ ಕೊಟ್ಟರು. ಇಂದು ಆ ಕೆಲಸಕ್ಕೆ ಒದಗಬಲ್ಲ ಜಾಗ ಗ್ರಾಮ ಪಂಚಾಯತಿಯ ಗ್ರಂಥಾಲಯ, ಅಂದರೆ ಅರಿವು ಕೇಂದ್ರ. ಅಲ್ಲಿನ ಮೇಲ್ವಿಚಾರಕರಿಗೆ ತರಬೇತಿ, ತಕ್ಕ ಸಂಬಳ, ತಾಲೂಕು ಕಚೇರಿಯಿಂದ ಕೂಡಲೇ ಮಾಹಿತಿ ಪಡೆಯುವ ಅಧಿಕಾರ ಬೇಕು. ಕೇಳಿದವರಿಗೆ ಅವರ ಆಡುಮಾತಿನಲ್ಲೇ, ದನಿ ಸಂದೇಶದಲ್ಲೇ ಉತ್ತರ ಸಿಗಬೇಕು. ಇದಿಲ್ಲದೆ ವರ್ಷಕ್ಕೊಮ್ಮೆ ನಡೆಯುವ ಕಾರ್ಯಾಗಾರದಿಂದ ಯಾವ ಊರಿನ ರೂಢಿಯೂ ಬದಲಾಗದು.