ಡಿ ದರ್ಜೆಯಷ್ಟೇ ನಮ್ಮ ಪಾಲೆ?

ಪಾವಗಡದ ಸೌರ ಪಾರ್ಕನ್ನು ಹೊಗಳುವ ಮಾತುಗಳಿಗೆ ನಮ್ಮಲ್ಲಿ ಬರವಿಲ್ಲ. ಬರವಿರುವುದು ಆ ತಾಲೂಕಿನಲ್ಲಿ. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚರ್ಲು, ರಾಯಚರ್ಲು ಗ್ರಾಮಗಳ ಸುಮಾರು 13,000 ಎಕರೆ ಜಮೀನನ್ನು 28 ವರ್ಷಗಳ ಗುತ್ತಿಗೆಗೆ ಪಡೆದು ಅಲ್ಲಿ 2,050 ಮೆಗಾವಾಟ್ ವಿದ್ಯುತ್ತಿನ ಘಟಕಗಳನ್ನು ಕಟ್ಟಲಾಯಿತು. 2018ರ ಮಾರ್ಚಿನಲ್ಲಿ ಉದ್ಘಾಟನೆ, 2019ರ ಕೊನೆಗೆ ಪೂರ್ಣ ಸಾಮರ್ಥ್ಯ. ಜಮೀನು ಕಿತ್ತುಕೊಳ್ಳದೆ ಗುತ್ತಿಗೆಗೆ ಪಡೆದದ್ದು ಒಳ್ಳೆಯ ಕ್ರಮವೇ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾದ ಬಾಡಿಗೆ ಮಳೆಗಿಂತ ನಂಬಿಕಸ್ತವಾದುದು. ಆದರೆ ಜಮೀನೇ ಇಲ್ಲದವನ ಗತಿಯೇನು? ಆ ಹೊಲಗಳಲ್ಲಿ ಕಡಲೆಕಾಯಿ ಕಿತ್ತು ಬದುಕುತ್ತಿದ್ದ ಕೂಲಿಯವಳ, ಕುರಿ ಮೇಯಿಸುತ್ತಿದ್ದವನ ಹೆಸರು ಯಾವ ಗುತ್ತಿಗೆ ಪತ್ರದಲ್ಲೂ ಇಲ್ಲ. ಅವರ ಪಾಲಿಗೆ ಉಳಿದದ್ದು ಪ್ಯಾನೆಲ್ ತೊಳೆಯುವ, ಹುಲ್ಲು ಕೊಯ್ಯುವ, ಕಾವಲು ಕಾಯುವ ಕೆಲಸ. ಅದೂ ಕೆಲವರಿಗೆ ಮಾತ್ರ.

ಇದಕ್ಕೆ ಕಂಪೆನಿಗಳನ್ನಷ್ಟೇ ಬೈದು ಪ್ರಯೋಜನವಿಲ್ಲ. ಯಾರೂ ಕೇಳದ್ದನ್ನು ಅವರು ಕೊಡಲಿಲ್ಲ, ಅಷ್ಟೆ. ರಾಜ್ಯದ 2020-25ರ ಕೈಗಾರಿಕಾ ನೀತಿಯನ್ನೇ ನೋಡಿ. ಒಟ್ಟು ಉದ್ಯೋಗದಲ್ಲಿ ಶೇ. 70, ಡಿ ದರ್ಜೆಯಲ್ಲಿ ಶೇ. 100 ಕನ್ನಡಿಗರಿಗೆ ಎಂದು ಅದು ಹೇಳಿತು. ಕಸ ಗುಡಿಸುವುದರಲ್ಲಿ ಮಾತ್ರ ನೂರಕ್ಕೆ ನೂರು! 2024ರ ಜುಲೈಯಲ್ಲಿ ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ಮಸೂದೆಗೆ ಸಂಪುಟ ಒಪ್ಪಿಗೆ ನೀಡಿತು. ಉದ್ಯಮಿಗಳು ಗದರಿದೊಡನೆ ತಡೆಹಿಡಿಯಿತು. ಅರ್ಹರು ಸಿಗದಿದ್ದರೆ ತರಬೇತಿ ಕೊಟ್ಟು ತಯಾರು ಮಾಡಿ ಎಂಬ ಅದರ ಒಳ್ಳೆಯ ಅಂಶವೂ ಆ ಗದ್ದಲದಲ್ಲೇ ಮುಳುಗಿತು.

ಇಂಗ್ಲೆಂಡಿನಲ್ಲಿ 1990ರ ನಗರ ಯೋಜನಾ ಕಾಯ್ದೆಯ 106ನೇ ಕಲಮಿನಡಿ, ಕಟ್ಟಡಕ್ಕೆ ಅನುಮತಿ ಕೊಡುವಾಗಲೇ ಸ್ಥಳೀಯ ಆಡಳಿತವು ಬಿಲ್ಡರನೊಡನೆ ಒಪ್ಪಂದ ಮಾಡಿಕೊಳ್ಳಬಹುದು. ಇಷ್ಟು ಮಂದಿ ಸ್ಥಳೀಯರಿಗೆ ಕಸುಬು ಕಲಿಸಬೇಕೆಂದು ಎಷ್ಟೋ ಕಡೆ ಅದರಲ್ಲಿ ಬರೆಸುತ್ತಾರೆ. ನಮ್ಮಲ್ಲಿ ಕಾನೂನಿಲ್ಲವೇ? ಇದೆ. 30 ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆ ಶೇ. 2.5ರಿಂದ 15ರಷ್ಟು ಅಪ್ರೆಂಟಿಸರನ್ನು ಇಟ್ಟುಕೊಳ್ಳಬೇಕೆಂದು 1961ರ ಅಪ್ರೆಂಟಿಸ್ ಕಾಯ್ದೆಯ ನಿಯಮ ಹೇಳುತ್ತದೆ. ನಿರ್ಮಾಣ ವೆಚ್ಚದ ಶೇ. 1 ಸೆಸ್ ವಸೂಲಾಗಿ ಕಟ್ಟಡ ಕಾರ್ಮಿಕರ ಮಂಡಳಿಗೆ ಸೇರುತ್ತದೆ. ಈ ಕಾನೂನುಗಳನ್ನು ಅನುಮತಿ ಪತ್ರಕ್ಕೆ ಗಂಟು ಹಾಕುವವರು ಮಾತ್ರ ಇಲ್ಲ.

ಹಾಕಲು ಸಮಯ ಮೀರಿಲ್ಲ. ತುಮಕೂರು-ರಾಯದುರ್ಗ ರೈಲು ಮಾರ್ಗ ಕೊರಟಗೆರೆ, ಮಧುಗಿರಿ, ಪಾವಗಡಗಳನ್ನು ಹಾದು ಹೋಗಬೇಕಿದೆ. ತುಮಕೂರು-ದಾವಣಗೆರೆ ಮಾರ್ಗ ಶಿರಾವನ್ನು. ಸೇತುವೆ, ನಿಲ್ದಾಣ, ಬಡಾವಣೆ, ಗೋದಾಮು ಎಲ್ಲಕ್ಕೂ ಕಬ್ಬಿಣ ಕಟ್ಟುವವರು, ಸೆಂಟ್ರಿಂಗಿನವರು, ವೆಲ್ಡರುಗಳು ಬೇಕು. ಬಿಹಾರ, ಬಂಗಾಳದಿಂದ ಬರುವ ಬಡವನ ಮೇಲೆ ನಮಗೆ ಸಿಟ್ಟಿಲ್ಲ; ಅವನೂ ಹೊಟ್ಟೆಪಾಡಿಗೆ ಬಂದವನು. ಆದರೆ ನಮ್ಮ ಮೊಹಲ್ಲಾಗಳಲ್ಲಿ, ದಲಿತ ಕೇರಿಗಳಲ್ಲಿ ವೆಲ್ಡಿಂಗ್, ಪೇಂಟಿಂಗ್, ಗಾರೆ ಕೆಲಸ ಬಲ್ಲವರಿದ್ದಾರೆ. ಅವರಿಗೆ ಕೈಚಳಕವಿದೆ, ಕಾಗದವಿಲ್ಲ. ದೊಡ್ಡ ಗುತ್ತಿಗೆದಾರ ಕೇಳುವುದು ಕಾಗದವನ್ನು. ಮುಸ್ಲಿಮರು ಸ್ವಂತ ದುಡಿಮೆಯಲ್ಲೇ ಹೆಚ್ಚಾಗಿದ್ದು, ಖಾಯಂ ಸಂಬಳದ ಕೆಲಸಗಳಲ್ಲಿ ಕಡಿಮೆಯಿದ್ದಾರೆಂದು 2006ರಲ್ಲೇ ಸಾಚಾರ್ ಸಮಿತಿ ಹೇಳಿತ್ತು. ಹೆಣ್ಣುಮಕ್ಕಳ ಪಾಡು ಇನ್ನೂ ಕಡೆ. ಇಪ್ಪತ್ತು ವರ್ಷ ಬಾಂಡ್ಲಿ ಹೊತ್ತರೂ ಆಕೆ ಚಿಟ್ಟಾಳು. ಕರಣೆ ಅವಳ ಕೈಗೆ ಬರುವುದಿಲ್ಲ, ಮೇಸ್ತ್ರಿಯ ಕೂಲಿಯೂ ಬರುವುದಿಲ್ಲ.

ಆದ್ದರಿಂದ ನಾಲ್ಕೂ ತಾಲೂಕುಗಳ ಶಾಸಕರನ್ನು ನಾವು ಕೇಳುವುದಿಷ್ಟು. ಜಮೀನು ಅಥವಾ ರಿಯಾಯಿತಿ ಪಡೆಯುವ ಪ್ರತಿ ದೊಡ್ಡ ಕಾಮಗಾರಿಯ ಕರಾರಿನಲ್ಲೇ ತರಬೇತಿಯ ಷರತ್ತು ಇರಲಿ: ಎಷ್ಟು ಮಂದಿ, ಯಾವ ಕಸುಬು, ಅವರಲ್ಲಿ ಭೂರಹಿತರು, ಮಹಿಳೆಯರು, ಅಲ್ಪಸಂಖ್ಯಾತರು ಎಷ್ಟು ಎಂಬುದು ಸಹಿತ. ಕಲಿತವರ ಪಟ್ಟಿ ಪಂಚಾಯಿತಿಯ ಗೋಡೆಯ ಮೇಲೆ ಬಂದ ಮೇಲಷ್ಟೇ ಕೊನೆಯ ಬಿಲ್ ಪಾಸಾಗಲಿ.

ಇನ್ನು ನಮ್ಮವರೇ ಆದ ಬಿಲ್ಡರುಗಳು, ಕಮಿಟಿಗಳ ಮಾತು. ಶಾದಿಮಹಲ್ ಕಟ್ಟಿಸುವಾಗ, ಮೊಹಲ್ಲಾದ ನಾಲ್ಕು ಹುಡುಗರಿಗೆ ವೈರಿಂಗ್ ಕಲಿಸಬೇಕೆಂದು ಕಂಟ್ರಾಕ್ಟಿನಲ್ಲಿ ಬರೆಸಲು ಯಾವ ಸರಕಾರದ ಅಪ್ಪಣೆ ಬೇಕು?